ಒಂದೇ ಮೈಯೊಳಗಿನ ಪಾಠಾಂತರಗಳು

ಜಿಲ್ಲಾ ಆಸ್ಪತ್ರೆಯ, ಎಚ್‌ಐವಿಗೆ ಔಷಧಿ ಕೊಡುವ ಎಆರ್‌ಟಿ ಕೇಂದ್ರದಲ್ಲಿ ವರ್ಷಕ್ಕೊಮ್ಮೆ ತೋಳಿನಿಂದ ಒಂದಿಷ್ಟು ರಕ್ತ ತೆಗೆದು ವೈರಸ್ ಎಷ್ಟಿದೆ ಎಂದು ಅಳೆಯುವ ವೈರಲ್ ಲೋಡ್ ಪರೀಕ್ಷೆಗೆ ಕಳಿಸುತ್ತಾರೆ. ಮಾತ್ರೆ ತಪ್ಪಿಸದೆ ನುಂಗುವವರ ವರದಿಯಲ್ಲಿ ಸಾಮಾನ್ಯವಾಗಿ ಬರುವುದು ಒಂದೇ ಸಾಲು: ವೈರಸ್ ಪತ್ತೆಯಾಗಿಲ್ಲ. ಆಪ್ತಸಮಾಲೋಚಕರು ಅದನ್ನು ಓದಿ ಹೇಳುತ್ತಾರೆ, ಫಲಿತಾಂಶ ರೋಗಿಯ ಹಸಿರು ಪುಸ್ತಕಕ್ಕೆ ಏರುತ್ತದೆ, ಮುಂದಿನ ಕಂತಿನ ಮಾತ್ರೆ ಕೈಗೆ ಸಿಗುತ್ತದೆ. ಕೇಳಿದವರು ಹಗುರಾಗಿ ಬಸ್ಸು ಹತ್ತುತ್ತಾರೆ. ಆ ಸಮಾಧಾನಕ್ಕೆ ಗಟ್ಟಿಯಾದ ಆಧಾರವೂ ಇದೆ.

ಆದರೆ ಆ ಸಾಲು ಹೇಳುತ್ತಿರುವುದು ರಕ್ತದ ಸುದ್ದಿಯನ್ನು ಮಾತ್ರ. ಎಚ್‌ಐವಿ ಮನೆ ಮಾಡುವುದು ಮುಖ್ಯವಾಗಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಲ್ಲಿ. ಹೆಸರು ರಕ್ತಕಣವಾದರೂ ಅವುಗಳಲ್ಲಿ ಯಾವುದೇ ಹೊತ್ತಿನಲ್ಲಿ ರಕ್ತದಲ್ಲಿ ಓಡಾಡುತ್ತಿರುವುದು ನೂರಕ್ಕೆ ಸುಮಾರು 2. ಉಳಿದ 98 ಪಾಲು ಕರುಳಿನ ಗೋಡೆಯಲ್ಲಿ, ದುಗ್ಧಗ್ರಂಥಿಗಳಲ್ಲಿ, ಗುಲ್ಮದಲ್ಲಿ, ಮೂಳೆಮಜ್ಜೆಯಲ್ಲಿ ಇರುತ್ತದೆ. ಮಿದುಳಿನ ಕಥೆಯಂತೂ ಬೇರೆಯೇ.

ಹಾಗಾದರೆ ಮಿದುಳಿನಲ್ಲಿರುವ ಎಚ್‌ಐವಿ, ಕರುಳಿನಲ್ಲಿರುವ ಎಚ್‌ಐವಿ, ರಕ್ತದಲ್ಲಿರುವ ಎಚ್‌ಐವಿ ಮೂರೂ ಒಂದೇನಾ? ಮೂರು ದಶಕಕ್ಕೂ ಮಿಕ್ಕಿ ವಿಜ್ಞಾನಿಗಳು ಈ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಮೊದಲು ಸಿಕ್ಕ ಉತ್ತರ 'ಅಲ್ಲ' ಎಂಬುದು. ಆಮೇಲೆ ಅದು 'ಕೆಲವು ಕಡೆ ಅಲ್ಲ, ಕೆಲವು ಕಡೆ ಹೌದು, ಇನ್ನು ಕೆಲವು ಕಡೆ ಕಣ್ಣೇ ಮೋಸ ಹೋಗಿತ್ತು' ಎಂಬಲ್ಲಿಗೆ ಬಂದಿದೆ. ಈ ದತ್ತಿ ಉಪನ್ಯಾಸದ ವಿಷಯ ಆ ತಿದ್ದುಪಡಿಗಳ ಕಥೆಯೇ.

ದತ್ತಿ ಎಂದರೆ ಕೊಟ್ಟದ್ದು. ದತ್ತಿ ಉಪನ್ಯಾಸಕ್ಕೆ ಈ ವಿಷಯವನ್ನು ಎತ್ತಿಕೊಳ್ಳಲು ಅದೂ ಒಂದು ಕಾರಣ. ಬದುಕಿರುವವರ ಮಿದುಳಿನಿಂದ ಚೂರು ಕತ್ತರಿಸಿ ನೋಡುವಂತಿಲ್ಲ. ಈ ವಿದ್ಯೆಯ ದೊಡ್ಡ ಪಾಲು ಬಂದಿರುವುದು ಸತ್ತ ಮೇಲೆ ಮೈಯನ್ನೇ ಬಿಟ್ಟುಕೊಟ್ಟವರಿಂದ.

ನಕಲುಗಾರನ ಕೈತಪ್ಪು

ಎಚ್‌ಐವಿಯ ಇಡೀ ಗ್ರಂಥ ಬಲು ಚಿಕ್ಕದು: ಸುಮಾರು 9,700 ಅಕ್ಷರ, ಒಂಬತ್ತು ಜೀನು. ಮನುಷ್ಯನ ಜೀವಕೋಶದಲ್ಲಿರುವ ಗ್ರಂಥಕ್ಕೆ ಮುನ್ನೂರು ಕೋಟಿ ಅಕ್ಷರ. ಈ ಚಿಕ್ಕದು ಆ ದೊಡ್ಡದರ ನಡುವೆ ಎಲ್ಲಾದರೂ ಒಂದು ಕಡೆ ನುಸುಳಿ ಹೊಲಿದುಕೊಳ್ಳುತ್ತದೆ. ಹೊಲಿದುಕೊಳ್ಳುವ ಮುಂಚೆ ಅದು ತನ್ನ ಆರ್‌ಎನ್‌ಎ ಬರಹವನ್ನು ಡಿಎನ್‌ಎಗೆ ನಕಲಿಸಬೇಕು. ಆ ಕೆಲಸ ಮಾಡುವ ಕಿಣ್ವದ ಹೆಸರು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ಬರೆದದ್ದನ್ನು ತಿರುಗಿ ನೋಡುವ ಅಭ್ಯಾಸ ಈ ನಕಲುಗಾರನಿಗಿಲ್ಲ.

ಎಷ್ಟು ತಪ್ಪು ಮಾಡುತ್ತಾನೆ? 1995ರಲ್ಲಿ ಲೂಯಿಸ್ ಮ್ಯಾನ್‌ಸ್ಕಿ ಮತ್ತು ಹೊವಾರ್ಡ್ ಟೆಮಿನ್ ಅದನ್ನು ಅಳೆದರು. ಟೆಮಿನ್ ಈ ಕಿಣ್ವವನ್ನು ಕಂಡುಹಿಡಿದವರಲ್ಲೊಬ್ಬರು, ಅದಕ್ಕಾಗಿ 1975ರಲ್ಲಿ ನೊಬೆಲ್ ಪಡೆದವರು. ಇಬ್ಬರ ಲೆಕ್ಕದಲ್ಲಿ ಲಕ್ಷ ಅಕ್ಷರಕ್ಕೆ ಮೂರು ಚಿಲ್ಲರೆ ತಪ್ಪು. ಕೇಳಲು ಕಡಿಮೆ. ಗ್ರಂಥಕ್ಕಿರುವ ಅಕ್ಷರಗಳಿಂದ ಗುಣಿಸಿದರೆ ಮೂರು ಪ್ರತಿಗೆ ಹೆಚ್ಚುಕಡಿಮೆ ಒಂದು ತಪ್ಪು ಬೀಳುತ್ತದೆ. ಮರುವರ್ಷ ಆಲನ್ ಪೆರೆಲ್ಸನ್, ಡೇವಿಡ್ ಹೋ ಮತ್ತು ಸಂಗಡಿಗರು ಇನ್ನೊಂದು ಲೆಕ್ಕ ಮುಂದಿಟ್ಟರು. ಚಿಕಿತ್ಸೆ ಇಲ್ಲದ ಸೋಂಕಿತರ ದೇಹದಲ್ಲಿ ದಿನಕ್ಕೆ ಸುಮಾರು ಸಾವಿರ ಕೋಟಿ ವೈರಸ್ ಕಣಗಳು ಹುಟ್ಟುತ್ತವೆ. ಎರಡನ್ನೂ ಜೋಡಿಸಿದರೆ, 9,700 ಅಕ್ಷರಗಳಲ್ಲಿ ಯಾವುದೇ ಒಂದು ಅಕ್ಷರ ತಪ್ಪಿದ ಪ್ರತಿಯೂ ದಿನ ಬೆಳಗಾದರೆ ಎಲ್ಲೋ ಒಂದು ಕಡೆ ತಯಾರಾಗಿರುತ್ತದೆ.

ಹಳಗನ್ನಡದ ಓಲೆಗರಿಗಳನ್ನು ಕೈಯಲ್ಲಿ ಹಿಡಿದವರಿಗೆ ಈ ಲೋಕ ಹೊಸದಲ್ಲ. ಕವಿ ಬರೆದ ಮೂಲಪ್ರತಿ ಸಿಗುವುದಿಲ್ಲ. ಸಿಗುವುದು ಪ್ರತಿಯ ಪ್ರತಿ. ಒಬ್ಬ ಲಿಪಿಕಾರ ಒಂದು ಅಕ್ಷರ ನುಂಗಿದ್ದರೆ ಅವನ ಪ್ರತಿಯಿಂದ ಇಳಿದ ಎಲ್ಲ ಪ್ರತಿಗಳಲ್ಲೂ ಅದೇ ಅಕ್ಷರ ಮಾಯ. ಡಿ.ಎಲ್. ನರಸಿಂಹಾಚಾರ್ಯರು ಕನ್ನಡ ಗ್ರಂಥಸಂಪಾದನೆಯ ಬಗ್ಗೆ ಬರೆದ ಪುಸ್ತಕವನ್ನು ಓದಿದ ವಿದ್ಯಾರ್ಥಿಗಳಿಗೆ ಈ ಸೂತ್ರ ಗೊತ್ತು: ಎರಡು ಪ್ರತಿಗಳು ನೆಂಟರೋ ಅಲ್ಲವೋ ಎಂಬುದನ್ನು ಅವುಗಳ ಸರಿಗಳಿಂದಲ್ಲ, ಸಮಾನವಾದ ತಪ್ಪುಗಳಿಂದ ಪತ್ತೆ ಮಾಡಬೇಕು. ಒಂದು ಮಠದ ಭಂಡಾರದಲ್ಲೇ ತಲೆಮಾರುಗಟ್ಟಲೆ ನಕಲಾದ ಪ್ರತಿಗಳು ಒಂದು ಕುಲವಾಗುತ್ತವೆ. ಹೊರಗಿನ ಪ್ರತಿಯೊಂದು ಆ ಭಂಡಾರಕ್ಕೆ ಬಂದು ಸೇರಿದ್ದರೆ ಅದರ ತಪ್ಪುಗಳೇ ಅದರ ಊರನ್ನು ಹೇಳಿಬಿಡುತ್ತವೆ.

ಎಚ್‌ಐವಿಯ ವಂಶವೃಕ್ಷ ಕಟ್ಟುವವರ ಕೆಲಸವೂ ಇಷ್ಟೇ. ಓಲೆಗರಿಯ ಜಾಗದಲ್ಲಿ ಜೀನು, ಭಂಡಾರದ ಜಾಗದಲ್ಲಿ ಅಂಗ. ಹೋಲಿಕೆ ಇನ್ನೂ ಒಂದು ಹೆಜ್ಜೆ ಹೋಗುತ್ತದೆ. ಪ್ರತಿಯೊಂದು ವೈರಸ್ ಕಣದೊಳಗೆ ಆರ್‌ಎನ್‌ಎ ಗ್ರಂಥದ ಎರಡು ಪ್ರತಿಗಳಿರುತ್ತವೆ. ನಕಲುಗಾರ ಒಂದರಿಂದ ಬರೆಯುತ್ತ ಬರೆಯುತ್ತ ನಡುವೆ ಇನ್ನೊಂದಕ್ಕೆ ಹಾರುತ್ತಾನೆ. ಎರಡು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಮಿಶ್ರಪಾಠ ಸಿದ್ಧಪಡಿಸಿದ ಲಿಪಿಕಾರನಿಂದ ಸಂಪಾದಕರಿಗೆ ಎಷ್ಟು ತಲೆನೋವೋ, ಈ ಹಾರಾಟದಿಂದ ವೈರಸ್ ವಿಜ್ಞಾನಿಗಳಿಗೂ ಅಷ್ಟೇ ತಲೆನೋವು.

ಒಂದು ಗುಲ್ಮ, ಹಲವು ಕುಲ

ಸಿಕ್ಕ ಮೊದಲ ಸುಳಿವುಗಳಲ್ಲಿ ಒಂದು ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯದು. ಸೈಮನ್ ವೇನ್-ಹಾಬ್ಸನ್, ರೆಮಿ ಶೆನಿಯೆ ಮತ್ತು ಸಂಗಡಿಗರು ಸೋಂಕಿತರ ಗುಲ್ಮವನ್ನು ತೆಗೆದುಕೊಂಡರು. ಗುಲ್ಮದೊಳಗೆ ಬರಿಗಣ್ಣಿಗೂ ಕಾಣುವ ಬಿಳಿ ಚುಕ್ಕೆಗಳಿರುತ್ತವೆ. ಅವು ಲಿಂಫೋಸೈಟುಗಳ ಗುಂಪುಗಳು. ತಂಡ ಅವುಗಳನ್ನು ಒಂದೊಂದಾಗಿ ಬಿಡಿಸಿ, ಒಂದೊಂದರಲ್ಲೂ ಇರುವ ವೈರಸ್ಸಿನ ಪಾಠವನ್ನು ಬೇರೆಬೇರೆಯಾಗಿ ಓದಿತು. ಒಂದೇ ಅಂಗದ, ಒಂದಕ್ಕೊಂದು ಅಂಟಿದಂತಿರುವ ಚುಕ್ಕೆಗಳಲ್ಲಿ ಬೇರೆ ಬೇರೆ ಪಾಠಗಳಿದ್ದವು. 1994ರಲ್ಲಿ 'ಸೆಲ್' ಪತ್ರಿಕೆಯಲ್ಲಿ ಈ ಕೆಲಸ ಪ್ರಕಟವಾಯಿತು. ಸಮುದ್ರದಂತೆ ಎಲ್ಲ ಕಡೆ ಒಂದೇ ಸಮನಾಗಿ ಹರಡಿಕೊಂಡಿರುವ ವೈರಸ್ ಎಂಬ ಕಲ್ಪನೆಯಲ್ಲಿ ಅಲ್ಲೇ ಬಿರುಕು ಬಿಟ್ಟಿತು.

ಅದೇ ವರ್ಷ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಬೆಟ್ಟೆ ಕೋರ್ಬರ್ ಮತ್ತು ಸಂಗಡಿಗರು ಮಿದುಳನ್ನು ಹಿಡಿದರು. ಅವರು ಹೋಲಿಸಿದ್ದು ವೈರಸ್ಸಿನ ಹೊರಕವಚದ ಪ್ರೋಟೀನಿನ ವಿ3 ಎಂಬ ಕುಣಿಕೆಯನ್ನು. ಮೂವತ್ತೈದರಷ್ಟು ಅಮೈನೋ ಆಮ್ಲಗಳ ಈ ತುಣುಕು ಪುಟ್ಟದಾದರೂ, ವೈರಸ್ ಯಾವ ಕೋಶದ ಬಾಗಿಲು ತಟ್ಟಬೇಕೆಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಇದೇ. ಒಬ್ಬರದೇ ರಕ್ತದ ಪಾಠವೂ ಮಿದುಳಿನ ಪಾಠವೂ ಬೇರೆಯಾಗಿದ್ದವು. ಇನ್ನೂ ಕುತೂಹಲದ ಸಂಗತಿ, ಬೇರೆ ಬೇರೆ ವ್ಯಕ್ತಿಗಳ ಮಿದುಳಿನ ಪಾಠಗಳಲ್ಲಿ ಕೆಲವು ಜಾಗಗಳಲ್ಲಿ ಒಂದೇ ಬಗೆಯ ಅಕ್ಷರಗಳು ನೆಲೆಯಾಗಿ ನಿಂತಿದ್ದವು. ಒಬ್ಬರನ್ನೊಬ್ಬರು ಕಾಣದ ಲಿಪಿಕಾರರು ಒಂದೇ ಜಾಗದಲ್ಲಿ ಒಂದೇ ಬದಲಾವಣೆ ಮಾಡಿದರೆ ಅದಕ್ಕೆ ಆಕಸ್ಮಿಕ ಎಂದು ಹೇಳಿ ಕೈತೊಳೆದುಕೊಳ್ಳಲಾಗುವುದಿಲ್ಲ. ಆ ಜಾಗದ ಹವೆಯಲ್ಲಿ ಏನೋ ಇದೆ ಎಂದಾಯಿತು.

ಗೋಡೆಯಾಚೆ

ಮಿದುಳಿನ ಹವೆ ನಿಜಕ್ಕೂ ಬೇರೆ. ಅಲ್ಲಿನ ರಕ್ತನಾಳಗಳ ಒಳಪದರದ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಈ ರಕ್ತ-ಮಿದುಳು ತಡೆಗೋಡೆಯನ್ನು ದಾಟುವ ಕಣಗಳೂ ಕಡಿಮೆ, ಪ್ರತಿಕಾಯಗಳೂ ಕಡಿಮೆ, ಔಷಧಿಗಳಲ್ಲೂ ಎಲ್ಲವೂ ಸಮನಾಗಿ ದಾಟುವುದಿಲ್ಲ. ಗೋಡೆಯಾಚೆ ಟಿ ಕೋಶ ಎಂಬ ಲಿಂಫೋಸೈಟುಗಳಿಗೆ ಬರ. ಇರುವವು ಮ್ಯಾಕ್ರೋಫೇಜ್, ಮೈಕ್ರೋಗ್ಲಿಯಾ ಎಂಬ ದೀರ್ಘಾಯುಷಿ ಕಾವಲುಗಾರ ಕೋಶಗಳು.

ತೊಂದರೆ ಏನೆಂದರೆ ಎಚ್‌ಐವಿ ಒಳಹೋಗಲು ಸಿಡಿ4 ಎಂಬ ಹಿಡಿಕೆ ಬೇಕು. ಟಿ ಕೋಶದ ಮೈಮೇಲೆ ಅದು ಧಾರಾಳವಾಗಿದೆ, ಮ್ಯಾಕ್ರೋಫೇಜಿನ ಮೇಲೆ ತೀರಾ ವಿರಳ. ಊರ ತುಂಬ ಅನ್ನಛತ್ರ ಇರುವಲ್ಲಿ ಬೆಳೆದವರು ಬರಗಾಲದ ಸೀಮೆಗೆ ಬಂದಂತೆ. ಅಲ್ಲಿ ಉಳಿಯುವುದು ಕಡಿಮೆ ಹಿಡಿಕೆಯಲ್ಲೇ ಕೆಲಸ ಸಾಗಿಸಬಲ್ಲ ರೂಪಾಂತರಗಳು. 2004ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಪಾಲ್ ಕ್ಲಾಪಮ್ ಅವರ ತಂಡ, ಒಬ್ಬೊಬ್ಬ ರೋಗಿಯ ಮಿದುಳಿನಿಂದಲೂ ದುಗ್ಧಗ್ರಂಥಿಯಿಂದಲೂ ಹೊರಕವಚದ ಜೀನುಗಳನ್ನು ಎತ್ತಿ ಹೋಲಿಸಿತು. ಮಿದುಳಿನ ಕವಚ ತೊಟ್ಟ ವೈರಸ್ ಮ್ಯಾಕ್ರೋಫೇಜಿನೊಳಗೆ ಸುಲಭವಾಗಿ ನುಗ್ಗಿತು, ದುಗ್ಧಗ್ರಂಥಿಯ ಕವಚದ್ದು ಹೊರಗೇ ತಡಬಡಾಯಿಸಿತು. 2006ರಲ್ಲಿ ಡಾನಾ ಗಬೂಜ್ಡಾ ಅವರ ತಂಡ ಒಂದೇ ಅಕ್ಷರದ ಹಂತಕ್ಕೆ ಇಳಿಯಿತು. ಕವಚದ 283ನೆಯ ಜಾಗದಲ್ಲಿ ಆಸ್ಪರಜಿನ್ ಎಂಬ ಅಮೈನೋ ಆಮ್ಲ ಬಂದು ಕೂತರೆ ವೈರಸ್ಸಿಗೆ ಸಿಡಿ4 ಮೇಲಿನ ಹಿಡಿತ ಬಿಗಿಯಾಗುತ್ತದೆ. ಮರೆವಿನ ಕಾಯಿಲೆಯಿಂದ ಬಳಲಿ ಸತ್ತ ಸೋಂಕಿತರ ಮಿದುಳುಗಳಲ್ಲಿ ಈ ಪಾಠಾಂತರ ಹೆಚ್ಚಾಗಿ ಕಂಡಿತು.

ಬದುಕಿರುವವರಲ್ಲಿ ಮಿದುಳಿನ ಸುದ್ದಿ ತಿಳಿಯಲು ಇರುವ ಕಿಂಡಿ ಒಂದೇ: ಬೆನ್ನಿನಿಂದ ನೀರು ತೆಗೆಯುವುದು. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ರಾನ್ ಸ್ವಾನ್‌ಸ್ಟ್ರಾಮ್ ಅವರ ತಂಡ ಈ ದ್ರವದಲ್ಲಿ ಎರಡು ಬಗೆಯ ವೈರಸ್ಸನ್ನು ಗುರುತಿಸಿ 2011ರಲ್ಲಿ ಪ್ರಕಟಿಸಿತು. ಒಂದು ಟಿ ಕೋಶಗಳಲ್ಲಿ ಬೆಳೆದದ್ದು, ಚಿಕಿತ್ಸೆ ಶುರುವಾದ ಕೂಡಲೇ ಬೇಗ ಇಳಿಯುವಂಥದ್ದು. ಇನ್ನೊಂದು ಮ್ಯಾಕ್ರೋಫೇಜಿಗೆ ಒಗ್ಗಿಕೊಂಡದ್ದು. ರಕ್ತದಲ್ಲಿ ವೈರಸ್ ಕುಸಿದ ಮೇಲೂ ಇದು ದ್ರವದಲ್ಲಿ ನಿಧಾನವಾಗಿ ಇಳಿಯುತ್ತದೆ. ದೀರ್ಘಾಯುಷಿ ಕೋಶದ ಮನೆಯಲ್ಲಿ ಕೂತವರಿಗೆ ಅವಸರವಿಲ್ಲ.

ಈ ಭೇದದಿಂದ ರೋಗಿಗೆ ಏನು? 2010ರಲ್ಲಿ ಫ್ರಾನ್ಸಿನ ವೈದ್ಯರು 11 ಮಂದಿಯ ವಿವರ ಪ್ರಕಟಿಸಿದರು. ಎಲ್ಲರೂ ಚಿಕಿತ್ಸೆಯಲ್ಲಿದ್ದವರು. ರಕ್ತದಲ್ಲಿ ವೈರಸ್ ಇಲ್ಲ, ಇಲ್ಲವೇ ತೀರಾ ಕಡಿಮೆ. ಆದರೂ ತಲೆನೋವು, ನಡಿಗೆಯಲ್ಲಿ ತೊಡಕು, ಮರೆವು ಮುಂತಾದ ನರಸಂಬಂಧಿ ತೊಂದರೆಗಳು. ಬೆನ್ನಿನ ನೀರು ತೆಗೆದು ನೋಡಿದರೆ ಅಲ್ಲಿ ವೈರಸ್ ಬೆಳೆಯುತ್ತಿತ್ತು, ಔಷಧಿಗೆ ಬಗ್ಗದ ರೂಪಾಂತರಗಳೂ ಸೇರಿಕೊಂಡಿದ್ದವು. ಆ ದ್ರವದ ಪಾಠವನ್ನು ಓದಿ ಔಷಧಿ ಬದಲಾಯಿಸಿದಾಗ ತೊಂದರೆ ಇಳಿಯಿತು. ವೈದ್ಯರು ಇದಕ್ಕೆ 'ಸಿಎಸ್‌ಎಫ್ ಎಸ್ಕೇಪ್' ಎನ್ನುತ್ತಾರೆ; ಸಿಎಸ್‌ಎಫ್ ಎಂದರೆ ಈ ಬೆನ್ನಿನ ನೀರೇ. ಪಶ್ಚಿಮ ಭಾರತದ ವೈದ್ಯರೂ ಇಂಥ ರೋಗಿಗಳ ಬಗ್ಗೆ ಬರೆದಿದ್ದಾರೆ. ಇದು ಅಪರೂಪದ ಸ್ಥಿತಿ, ಎಲ್ಲರೂ ಹೋಗಿ ಬೆನ್ನಿಗೆ ಸೂಜಿ ಚುಚ್ಚಿಸಿಕೊಳ್ಳಬೇಕಾಗಿಲ್ಲ. ವರದಿ ಚೆನ್ನಾಗಿದ್ದೂ ತಲೆಯೊಳಗೆ ಏನೋ ಸರಿಯಿಲ್ಲ ಎಂದು ರೋಗಿ ಹೇಳಿದರೆ ವೈದ್ಯರು ಅದನ್ನು ತಳ್ಳಿಹಾಕದಿರಲು ಇದೊಂದು ಕಾರಣ.

ಬೆಂಗಳೂರಿನ ಅಧ್ಯಾಯ

ಭಾರತದಲ್ಲಿ ಎಚ್‌ಐವಿ ಮೊದಲು ಗೊತ್ತಾದದ್ದು 1986ರಲ್ಲಿ, ಮದರಾಸಿನಲ್ಲಿ. ಸುನೀತಿ ಸೊಲೊಮನ್ ಅವರ ಮಾರ್ಗದರ್ಶನದಲ್ಲಿ ಸೆಲ್ಲಪ್ಪನ್ ನಿರ್ಮಲಾ ರಕ್ತದ ಮಾದರಿಗಳನ್ನು ಕೂಡಿಸಿ ಪರೀಕ್ಷೆಗೆ ಒಯ್ದಿದ್ದರು. ದೇಶದಲ್ಲಿ ಹರಡಿರುವುದು ಬಹುಪಾಲು 'ಸಿ' ಉಪಪ್ರಭೇದ. ಮೇಲೆ ಹೇಳಿದ ಮಿದುಳಿನ ಅಧ್ಯಯನಗಳು ಬಹುಮಟ್ಟಿಗೆ ಅಮೆರಿಕ-ಯೂರೋಪಿನ 'ಬಿ' ಉಪಪ್ರಭೇದದ ಮೇಲೆ ನಡೆದವು. ಅಲ್ಲಿಯ ಮಾತು ಇಲ್ಲಿಗೂ ಸಲ್ಲುತ್ತದೆಯೇ ಎಂಬುದು ಬೆಂಗಳೂರಿನಲ್ಲಿ ಎದ್ದ ಪ್ರಶ್ನೆ.

ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಭಂಡಾರವಿದೆ. ಮನೆಯವರ ಒಪ್ಪಿಗೆಯಿಂದ ಬಂದ ಮಿದುಳುಗಳನ್ನು ಅಲ್ಲಿ ಸಂಶೋಧನೆಗಾಗಿ ಕಾಪಿಡುತ್ತಾರೆ. ಎಸ್.ಕೆ. ಶಂಕರ್, ಅನಿತಾ ಮಹದೇವನ್ ಮತ್ತು ಸಹೋದ್ಯೋಗಿಗಳು ಏಡ್ಸ್‌ನಿಂದ ಸತ್ತವರ ಮಿದುಳುಗಳನ್ನು ವರ್ಷಗಳ ಕಾಲ ಪರೀಕ್ಷಿಸಿದರು. ಅಲ್ಲಿ ಹೆಚ್ಚಾಗಿ ಕಂಡದ್ದು ಕ್ಷಯ, ಕ್ರಿಪ್ಟೊಕಾಕಸ್, ಟಾಕ್ಸೊಪ್ಲಾಸ್ಮಾ. ಎಚ್‌ಐವಿಯೇ ನೇರವಾಗಿ ಮಿದುಳನ್ನು ಉರಿಯೂತಕ್ಕೆ ಒಡ್ಡಿದ ಚಿತ್ರ ಪಶ್ಚಿಮದ ವರದಿಗಳಲ್ಲಿ ಸಾಮಾನ್ಯ, ಇಲ್ಲಿ ಅಪರೂಪ.

ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡ 2004ರಲ್ಲಿ ಒಂದು ಕಾರಣವನ್ನು ಮುಂದಿಟ್ಟಿತು. ಎಚ್‌ಐವಿ ಹೊತ್ತ ಕೋಶ 'ಟ್ಯಾಟ್' ಎಂಬ ಪ್ರೋಟೀನನ್ನು ಹೊರಗೆ ಚೆಲ್ಲುತ್ತದೆ. ಅದರ 30 ಮತ್ತು 31ನೆಯ ಜಾಗಗಳಲ್ಲಿ ಸಿಸ್ಟೀನ್ ಜೋಡಿಯಾಗಿದ್ದರೆ ಅದು ಮಾನೊಸೈಟ್ ಎಂಬ ಕಣಗಳನ್ನು ಕೂಗಿ ಕರೆಯುತ್ತದೆ. ಮಿದುಳಿನೊಳಕ್ಕೆ ವೈರಸ್ಸನ್ನು ಹೊತ್ತೊಯ್ಯುವ ಸವಾರಿ ಈ ಮಾನೊಸೈಟುಗಳೇ. ಭಾರತದ 'ಸಿ' ಪಾಠದಲ್ಲಿ 31ನೆಯ ಜಾಗದಲ್ಲಿ ಬಹುಪಾಲು ಸಿಸ್ಟೀನಿನ ಬದಲು ಸೆರೀನ್ ಇದೆ. ಕೂಗು ಕ್ಷೀಣ, ಸವಾರಿ ಕಡಿಮೆ. ಒಂದು ಅಕ್ಷರದ ಪಾಠಭೇದ ಒಂದು ಅಂಗದ ಹಣೆಬರಹವನ್ನೇ ತಿರುಗಿಸಬಹುದು ಎಂಬ ಈ ವಿವರಣೆ ಬಹಳ ಜನರ ಗಮನ ಸೆಳೆಯಿತು.

ಹಾಗೆಂದು ಕಡತ ಮುಚ್ಚಲಿಲ್ಲ. 2007ರಲ್ಲಿ ನಿಮ್ಹಾನ್ಸ್‌ನವರೇ ಚಿಕಿತ್ಸೆ ಶುರುವಾಗದ ಸೋಂಕಿತರ ಗಮನ, ನೆನಪು, ಕೈಚುರುಕನ್ನು ಒರೆಗೆ ಹಚ್ಚಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಸೌಮ್ಯದಿಂದ ಮಧ್ಯಮ ಮಟ್ಟದ ಕೊರತೆ ಕಂಡಿತು. ತೀವ್ರವಾದ ಮರೆವಿನ ರೋಗ ಕಡಿಮೆ ಎಂಬುದು ನಿಜ, ಆದರೆ 'ಸಿ' ಮಿದುಳನ್ನು ಮುಟ್ಟುವುದೇ ಇಲ್ಲ ಎಂಬುದು ನಿಜವಲ್ಲ.

ಜೆರಾಕ್ಸೋ, ಅಚ್ಚೋ, ಕೈಬರಹವೋ

ಈಗ ಕಣ್ಣು ಮೋಸಹೋದ ಕಥೆ. ಕೋವಿಡ್ ಬಂದ ಮೇಲೆ ಪಿಸಿಆರ್ ಎಂಬ ಹೆಸರು ಮನೆಮಾತಾಗಿದೆ. ಸ್ವಲ್ಪವೇ ಇರುವ ಜೀನನ್ನು ಕೋಟಿಗಟ್ಟಲೆ ಹೆಚ್ಚಿಸುವ ವಿಧಾನ ಅದು. ತೊಂಬತ್ತರ ದಶಕದಲ್ಲಿ ಅಂಗದ ಚೂರಿನಿಂದ ವೈರಸ್ ಜೀನನ್ನು ಹೀಗೆ ಹೆಚ್ಚಿಸಿ, ಬಂದ ರಾಶಿಯಿಂದ ಹತ್ತು-ಇಪ್ಪತ್ತು ಪ್ರತಿಗಳನ್ನು ಹೆಕ್ಕಿ ಓದುತ್ತಿದ್ದರು. ಚೂರಿನಲ್ಲಿ ಮೊದಲು ಇದ್ದದ್ದೇ ಎರಡು ಅಥವಾ ಮೂರು ವೈರಸ್ ಗ್ರಂಥಗಳಾದರೆ? ಹೆಕ್ಕಿದ ಇಪ್ಪತ್ತೂ ಆ ಎರಡರ ಜೆರಾಕ್ಸು. ಒಂದೇ ಓಲೆಯ ಹತ್ತು ಜೆರಾಕ್ಸನ್ನು ಹತ್ತು ಹಸ್ತಪ್ರತಿ ಎಂದು ಎಣಿಸಿ, ಈ ಮಠದ ಪಾಠ ಎಷ್ಟು ಏಕರೂಪ ಎಂದು ಬೆರಗಾದಂತೆ. ಅಂಗದಿಂದ ಅಂಗಕ್ಕೆ ಕಂಡ ಭೇದದಲ್ಲಿ ಎಷ್ಟೋ ಪಾಲು ಹೀಗೆ ಎಣಿಕೆಯಿಂದ ಹುಟ್ಟಿದ ಭ್ರಮೆಯಾಗಿದ್ದಿರಬಹುದು.

ಇದಕ್ಕೆ ಸಿಕ್ಕ ಮದ್ದು ಸರಳ, ಆದರೆ ತಾಳ್ಮೆ ಬೇಡುವಂಥದ್ದು. ಮಾದರಿಯನ್ನು ನೀರು ಬೆರೆಸುತ್ತ ಬೆರೆಸುತ್ತ ತೆಳುವಾಗಿಸುತ್ತಾರೆ. 96 ಗುಳಿಗಳಿರುವ ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಗೆ ಹನಿಹನಿಯಾಗಿ ಹಾಕುತ್ತಾರೆ. ಮುಕ್ಕಾಲುಪಾಲು ಗುಳಿ ಖಾಲಿ ಬರಬೇಕು. ನೂರಕ್ಕೆ ಮೂವತ್ತಕ್ಕಿಂತ ಹೆಚ್ಚು ಗುಳಿಯಲ್ಲಿ ವೈರಸ್ ಸಿಕ್ಕಿದರೆ ತೆಳುವಾದದ್ದು ಸಾಲದು, ಮತ್ತೆ ಮೊದಲಿಂದ. ಅಷ್ಟು ತೆಳುವಾದಾಗ ಫಲ ಕೊಟ್ಟ ಗುಳಿಗಳಲ್ಲಿ ಐದಕ್ಕೆ ನಾಲ್ಕು ಕಡೆ ಇರುವುದು ಒಂದೇ ಗ್ರಂಥದಿಂದ ಬೆಳೆದ ಪ್ರತಿ ಎಂದು ಲೆಕ್ಕ ಹೇಳುತ್ತದೆ. ಒಂದು ಗುಳಿ, ಒಂದು ಹಸ್ತಪ್ರತಿ. ಬಿಡಿ ಗ್ರಂಥವನ್ನು ಬಿಡಿಯಾಗಿಯೇ ಓದುವ ಈ ಕ್ರಮದಿಂದ 2008ರಲ್ಲಿ ಇನ್ನೊಂದು ಮುಖ್ಯ ಸಂಗತಿಯೂ ಹೊರಬಿತ್ತು. ಹೊಸದಾಗಿ ಸೋಂಕು ತಗಲಿದ 102 ಮಂದಿಯಲ್ಲಿ 78 ಮಂದಿಗೆ ಸೋಂಕು ಹತ್ತಿಸಿದ್ದು ಒಂದೇ ಒಂದು ವೈರಸ್. ಆಮೇಲೆ ಮೈಯೊಳಗೆ ಕಾಣುವ ಪಾಠಾಂತರಗಳೆಲ್ಲ ಆ ಒಂದರ ಮೊಮ್ಮಕ್ಕಳು, ಮರಿಮಕ್ಕಳು.

ಎರಡು ಅಂಗಗಳ ಪಾಠಗಳು ನಿಜಕ್ಕೂ ಬೇರೆಯೇ ಎಂದು ತೀರ್ಮಾನಿಸಲು ಅಂಕಿಅಂಶದ ಪರೀಕ್ಷೆಗಳೂ ಬಂದವು. ಹೆಚ್ಚು ಬಳಕೆಯಲ್ಲಿರುವುದು 1989ರಲ್ಲಿ ಮಾಂಟ್‌ಗೊಮರಿ ಸ್ಲಾಟ್ಕಿನ್ ಮತ್ತು ವೇನ್ ಮ್ಯಾಡಿಸನ್ ರೂಪಿಸಿದ್ದು. ಪ್ರಾಣಿಗಳ ಗುಂಪುಗಳ ನಡುವೆ ವಲಸೆ ಎಷ್ಟೆಂದು ಅಳೆಯಲು ಹುಟ್ಟಿದ ಕ್ರಮ ಅದು. ರಕ್ತದ ಹತ್ತು, ಬೆನ್ನಿನ ನೀರಿನ ಹತ್ತು ಪಾಠಗಳಿವೆ ಎನ್ನಿ. ಇಪ್ಪತ್ತನ್ನೂ ಸೇರಿಸಿ ಒಂದೇ ವಂಶವೃಕ್ಷ ಬರೆಯಿರಿ. ಈ ವೃಕ್ಷವನ್ನು ವಿವರಿಸಲು ವೈರಸ್ ಎಷ್ಟು ಸಲ ಗಡಿ ದಾಟಿರಬೇಕು? ಪೂರ್ತಿ ಬೇರ್ಪಟ್ಟಿದ್ದರೆ ಒಂದೇ ಸಲ ಸಾಕು. ಆಮೇಲೆ 'ರಕ್ತ', 'ನೀರು' ಎಂಬ ಹಣೆಪಟ್ಟಿಗಳನ್ನು ಇಸ್ಪೀಟು ಕಲೆಸಿದಂತೆ ಕಲೆಸಿ ಸಾವಿರ ಸಲ ಹಂಚಿ ನೋಡಿ. ಕಲೆಸಿದ ಸಾವಿರದಲ್ಲಿ 950ಕ್ಕಿಂತ ಹೆಚ್ಚು ಸಲ ಗಡಿದಾಟು ನಿಜದ್ದಕ್ಕಿಂತ ಜಾಸ್ತಿ ಬಂದರೆ, ಅಂಗಗಳ ನಡುವೆ ಬೇಲಿ ಇದೆ ಎಂದು ನಂಬಬಹುದು.

ಜೆರಾಕ್ಸಿನ ಗೊಂದಲ ತೀರುವ ಹೊತ್ತಿಗೆ ಅಚ್ಚಿನ ಗೊಂದಲ ಎದುರಾಯಿತು. ಎಚ್‌ಐವಿ ಹೊಲಿದುಕೊಂಡ ಟಿ ಕೋಶ ತಾನಾಗಿ ಎರಡಾಗಿ ಒಡೆದರೆ ಒಳಗಿನ ವೈರಸ್ ಗ್ರಂಥವೂ ಅದರ ಜೊತೆ ನಕಲಾಗುತ್ತದೆ. ಈ ಸಲ ನಕಲು ಮಾಡುವುದು ಮೈಗಳ್ಳ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಅಲ್ಲ, ಬರೆದದ್ದನ್ನು ತಿದ್ದುವ ಕೋಶದ ಸ್ವಂತ ಯಂತ್ರ. ಕೈಬರಹ ಹೋಗಿ ಅಚ್ಚುಮೊಳೆ ಬಂದಂತೆ, ಸಾವಿರ ಪ್ರತಿಯಾದರೂ ಒಂದು ಅಕ್ಷರ ಆಚೀಚೆ ಆಗುವುದಿಲ್ಲ. 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಎರಡು ತಂಡಗಳು ಇದಕ್ಕೆ ಸಾಕ್ಷಿ ಕೊಟ್ಟವು. ಚಿಕಿತ್ಸೆಯಲ್ಲಿರುವವರ ಅನೇಕ ಕೋಶಗಳಲ್ಲಿ ವೈರಸ್ ಹೊಲಿದುಕೊಂಡದ್ದು ಮಾನವ ಜೀನೋಮಿನ ಅದೇ ಪುಟದ ಅದೇ ಸಾಲಿನ ನಡುವೆ. ಬೇರೆ ಬೇರೆ ಸೋಂಕುಗಳು ಇಷ್ಟು ಕರಾರುವಾಕ್ಕಾಗಿ ಒಂದೇ ಕಡೆ ಬೀಳುವುದು ಸಾಧ್ಯವಿಲ್ಲ. ಅವೆಲ್ಲ ಒಂದೇ ಕೋಶದ ಸಂತಾನ.

ಈ ಎರಡು ತಿದ್ದುಪಡಿಗಳ ನಂತರ ಹಳೆಯ ನಕ್ಷೆ ಮತ್ತೆ ಬರೆಯಬೇಕಾಯಿತು. ಮಿದುಳಿನ ಬೇಲಿ ಉಳಿಯಿತು. ಮೂತ್ರಪಿಂಡದ ಒಳಪದರದಲ್ಲಿ ಬೇರೆಯೇ ಬಳಗವಿರುವುದನ್ನು ನ್ಯೂಯಾರ್ಕಿನ ತಂಡವೊಂದು 2002ರಲ್ಲೇ ತೋರಿಸಿತ್ತು. ಎದೆಹಾಲಿನಲ್ಲಿ ಮಾತ್ರ ಬೇಲಿ ತೆಳುವಾಯಿತು. ಅಲ್ಲಿಯ ಪಾಠಗಳು ರಕ್ತದವುಗಳ ಜೊತೆ ಬೆರೆತೇ ಇವೆ, ನಡುನಡುವೆ ಒಂದೇ ಪ್ರತಿಯ ಅಲ್ಪಾಯುಷಿ ಗೊಂಚಲುಗಳಷ್ಟೇ ಕಾಣುತ್ತವೆ. ವೀರ್ಯದಲ್ಲಿ 2010ರ ಒಂದು ಅಧ್ಯಯನ ಮೂರು ಬಗೆಯನ್ನು ಕಂಡಿತು: ಕೆಲವರಲ್ಲಿ ರಕ್ತದ ಪಾಠವೇ, ಕೆಲವರಲ್ಲಿ ಒಂದೇ ಪ್ರತಿಯ ದಿಢೀರ್ ಹೆಚ್ಚಳ, ಇನ್ನು ಕೆಲವರಲ್ಲಿ ನಿಜವಾಗಿ ಬೇರ್ಪಟ್ಟು ಬೆಳೆದ ಕುಲ.

ವೀರ್ಯದ ಮಾತು ಬಂದಾಗ ಒಂದು ಸ್ಪಷ್ಟನೆ ಅಗತ್ಯ. ಬೇರೆ ಕುಲ ಇದೆ ಎಂದರೆ ಚಿಕಿತ್ಸೆಯಲ್ಲಿರುವವರಿಂದ ಸಂಗಾತಿಗೆ ಅಪಾಯ ಇದೆ ಎಂದರ್ಥವಲ್ಲ. 2019ರಲ್ಲಿ ಪ್ರಕಟವಾದ ಪಾರ್ಟ್ನರ್-2 ಅಧ್ಯಯನ, ಒಬ್ಬರಿಗೆ ಸೋಂಕಿದ್ದು ಔಷಧಿಯಿಂದ ವೈರಲ್ ಲೋಡ್ ಅಡಗಿದ್ದ 782 ಸಲಿಂಗಿ ಪುರುಷ ಜೋಡಿಗಳನ್ನು ಗಮನಿಸಿತು. ಅವರು ಕಾಂಡೋಮ್ ಬಳಸುತ್ತಿರಲಿಲ್ಲ. ಸಂಗಾತಿಯಿಂದ ಸಂಗಾತಿಗೆ ದಾಟಿದ ಸೋಂಕು ಸೊನ್ನೆ. ಹಸಿರು ಪುಸ್ತಕದ ಆ ಒಂದು ಸಾಲಿಗಿರುವ ಗಟ್ಟಿ ಆಧಾರ ಇದೇ.

ಒಂದೇ ಪಾಠ, ಎರಡು ಓದು

ಚಿಕಿತ್ಸೆಯ ನಡುವೆಯೂ ಅಂಗಗಳಲ್ಲಿ ವೈರಸ್ ನಕಲಾಗುತ್ತಲೇ ಇರುತ್ತದೆಯೇ? ಗುಣಪಡಿಸುವ ದಾರಿ ಹುಡುಕುವವರಿಗೆ ಇದು ಮೂಲಪ್ರಶ್ನೆ. ನಕಲಾಗುತ್ತಿದ್ದರೆ ಔಷಧಿ ಇನ್ನಷ್ಟು ಆಳಕ್ಕೆ ಇಳಿಯಬೇಕು. ಇಲ್ಲವಾದರೆ ಔಷಧಿ ಸಾಕು, ಮಲಗಿರುವ ಕೋಶಗಳನ್ನು ಹುಡುಕಬೇಕು.

2014ರಲ್ಲಿ ಕರ್ಟ್ನಿ ಫ್ಲೆಚರ್ ಮತ್ತು ಸಂಗಡಿಗರು ದುಗ್ಧಗ್ರಂಥಿಗಳಲ್ಲಿ ಔಷಧಿಯ ಪ್ರಮಾಣ ರಕ್ತದಲ್ಲಿರುವುದಕ್ಕಿಂತ ಕಡಿಮೆ ಎಂದು ತೋರಿಸಿದರು. 2016ರಲ್ಲಿ 'ನೇಚರ್' ಪತ್ರಿಕೆಯಲ್ಲಿ ರಮೊನ್ ಲೊರೆಂಜೊ-ರೆಡೊಂಡೊ ಮತ್ತು ಸಂಗಡಿಗರು, ಚಿಕಿತ್ಸೆ ಶುರುವಾದ ಮೊದಲ ಆರು ತಿಂಗಳಲ್ಲೂ ದುಗ್ಧಗ್ರಂಥಿಗಳಲ್ಲಿ ಹೊಸ ಪಾಠಾಂತರಗಳು ಹುಟ್ಟುತ್ತಿವೆ ಎಂದರು. ಕೂಡಲೇ ಆಕ್ಷೇಪಗಳು ಬಂದವು. ಕೈಬರಹದ ಹಳೆಯ ಪ್ರತಿಗಳು ಬೇರೆ ಬೇರೆ ವೇಗದಲ್ಲಿ ಅಳಿಯುತ್ತಿದ್ದರೂ ನೋಡುವವರಿಗೆ ಹೊಸದು ಹುಟ್ಟಿದಂತೆ ಕಾಣಬಹುದು ಎಂಬುದು ಒಂದು ವಾದ. 2019ರಲ್ಲಿ 'ಸೈನ್ಸ್ ಅಡ್ವಾನ್ಸಸ್' ಪತ್ರಿಕೆಯಲ್ಲಿ ಬಂದ ಇನ್ನೊಂದು ತಂಡದ ಬರಹದ ಶೀರ್ಷಿಕೆಯಲ್ಲೇ ತೀರ್ಪಿತ್ತು: ಚಿಕಿತ್ಸೆಯಲ್ಲಿರುವವರ ಅಂಗಾಂಶಗಳಲ್ಲಿ ನಕಲು ನಡೆಯುತ್ತಿರುವುದಕ್ಕೆ ಸಾಕ್ಷಿಯಿಲ್ಲ, ಅಂಗಗಳ ನಡುವೆ ಬೇಲಿಗೂ ಸಾಕ್ಷಿಯಿಲ್ಲ. ಒಂದೇ ಬಗೆಯ ವೃಕ್ಷಗಳನ್ನು ಎದುರಿಗಿಟ್ಟುಕೊಂಡ ಎರಡು ಪಂಗಡಗಳು ಎರಡು ಬಗೆಯಲ್ಲಿ ಓದಿದ್ದವು. ಹೆಚ್ಚಿನವರ ಒಲವು ಈಗ ಎರಡನೆಯ ಓದಿನ ಕಡೆಗಿದೆ. ಮೈಯ ಬಹುಪಾಲು ಭಂಡಾರಗಳಲ್ಲಿ ಲಿಪಿಕಾರ ಕೆಲಸ ನಿಲ್ಲಿಸಿದ್ದಾನೆ, ಅಚ್ಚಿನ ಯಂತ್ರ ಮಾತ್ರ ಓಡುತ್ತಿದೆ.

ಅಚ್ಚಿನ ಯಂತ್ರವೇನೂ ಸಾಧುವಲ್ಲ. ರಾಬರ್ಟ್ ಸಿಲಿಸಿಯಾನೊ ಅವರ ತಂಡ 2003ರಲ್ಲಿ ಲೆಕ್ಕ ಹಾಕಿದಂತೆ, ಮಲಗಿದ ವೈರಸ್ ಹೊತ್ತ ಟಿ ಕೋಶಗಳು ಅರ್ಧಕ್ಕೆ ಇಳಿಯಲು ಸರಾಸರಿ 44 ತಿಂಗಳು ಬೇಕು. ಮಾತ್ರೆಯೊಂದರಿಂದಲೇ ಅವು ಪೂರ್ತಿ ತೀರಬೇಕಾದರೆ 73 ವರ್ಷ. ಎಆರ್‌ಟಿ ಮಾತ್ರೆಯನ್ನು ಬದುಕಿರುವವರೆಗೂ ನುಂಗಬೇಕು ಎಂದು ಕೇಂದ್ರಗಳಲ್ಲಿ ಮತ್ತೆ ಮತ್ತೆ ಹೇಳುವುದರ ಹಿಂದಿನ ಗಣಿತ ಇದು.

ಕೊನೆಯ ಕೊಡುಗೆ

2017ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೇವಿ ಸ್ಮಿತ್, ಸಾರಾ ಜಿಯಾನೆಲ್ಲಾ ಮತ್ತು ಸಂಗಡಿಗರು 'ಲಾಸ್ಟ್ ಗಿಫ್ಟ್' ಎಂಬ ಕಾರ್ಯಕ್ರಮ ಶುರುಮಾಡಿದರು. ಕೊನೆಯ ಕೊಡುಗೆ ಎಂದು ಅದರರ್ಥ. ಸೇರುವವರು ಎಚ್‌ಐವಿಯೊಂದಿಗೆ ಬದುಕುತ್ತಿರುವವರು, ಜೊತೆಗೆ ಕ್ಯಾನ್ಸರಿನಂಥ ಬೇರೊಂದು ವಾಸಿಯಾಗದ ಕಾಯಿಲೆಯಿಂದ ಕೊನೆಯ ದಿನಗಳನ್ನು ಎಣಿಸುತ್ತಿರುವವರು. ಬದುಕಿರುವಷ್ಟು ದಿನ ಅವರು ಆಗಾಗ ರಕ್ತ ಕೊಡುತ್ತಾರೆ. ಉಸಿರು ನಿಂತ ಆರು ಗಂಟೆಯೊಳಗೆ ಮರಣೋತ್ತರ ಪರೀಕ್ಷೆ ಆಗಬೇಕು. ತಡವಾದಷ್ಟೂ ಆರ್‌ಎನ್‌ಎ ಕರಗಿಹೋಗುತ್ತದೆ. ಹಾಗಾಗಿ ಹಗಲೋ ರಾತ್ರಿಯೋ, ಕರೆ ಬಂದ ಕೂಡಲೇ ತಂಡ ಹೊರಡುತ್ತದೆ.

2020ರಲ್ಲಿ ಆಂಟೊಯ್ನ್ ಶೈಯೊನ್ ಮತ್ತು ಸಂಗಡಿಗರು ಇಂಥ 6 ದಾನಿಗಳ 28 ಬಗೆಯ ಅಂಗಾಂಶಗಳಿಂದ ವೈರಸ್ಸಿನ ಪಾಠಗಳನ್ನು ಓದಿ ಪ್ರಕಟಿಸಿದರು. ಒಂದೇ ಮೈಯನ್ನು ಇಷ್ಟು ಮೂಲೆಗಳಿಂದ ಒಟ್ಟಿಗೆ ನೋಡುವುದು ಹಿಂದೆ ಅಪರೂಪವಾಗಿತ್ತು. ಆಳದ ಅಂಗಗಳಲ್ಲಿ ಉದ್ದಕ್ಕೂ ವೈರಸ್ ಇತ್ತು. ಔಷಧಿ ನಿಂತಾಗ ಅದು ಮೈಯೆಲ್ಲ ಮತ್ತೆ ತುಂಬಿಕೊಂಡದ್ದು ಒಂದು ಬಿಲದಿಂದ ಹೊರಟಲ್ಲ, ಹಲವು ಅಂಗಗಳಿಂದ. ವೈರಸ್ ಅಡಗಿರುವ 'ಆ ಒಂದು ಜಾಗ' ಸಿಕ್ಕಿದರೆ ಸಾಕೆಂದುಕೊಂಡಿದ್ದವರಿಗೆ ಇದು ಕೆಟ್ಟ ಸುದ್ದಿ. ಗೋಡೆಯಾಚೆಯ ಸುದ್ದಿ 2023ರಲ್ಲಿ ಬಂತು. ವರ್ಷಗಟ್ಟಲೆ ಔಷಧಿ ತೆಗೆದುಕೊಂಡು ಸತ್ತವರ ಮಿದುಳಿನಿಂದ ಮೈಕ್ರೋಗ್ಲಿಯಾ ಕೋಶಗಳನ್ನು ಬಿಡಿಸಿ ನೋಡಿದ ನಾರ್ತ್ ಕೆರೊಲಿನಾದ ಇನ್ನೊಂದು ತಂಡಕ್ಕೆ, ಅಲ್ಲೂ ಎದ್ದು ಬೆಳೆಯಬಲ್ಲ ವೈರಸ್ ಸಿಕ್ಕಿತು.

ಭಾರತದಲ್ಲಿ ಉಚಿತ ಎಆರ್‌ಟಿ ಶುರುವಾದದ್ದು 2004ರ ಏಪ್ರಿಲ್ 1ರಂದು. ಆಗ ಮಾತ್ರೆ ಹಿಡಿದವರು ಈಗ ಎರಡು ದಶಕ ದಾಟಿದ್ದಾರೆ. ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ಬಿಪಿ, ಕೆಲವರಿಗೆ ಮೊಮ್ಮಕ್ಕಳು. ಅವರ ಮೈಯೊಳಗಿರುವುದು 'ಸಿ' ಉಪಪ್ರಭೇದದ ಪಾಠ, ಅಂಗದಿಂದ ಅಂಗಕ್ಕೆ ಅದು ಹೇಗೆ ಕವಲೊಡೆದಿದೆ ಎಂದು ಸ್ಯಾನ್ ಡಿಯಾಗೋದ ಆ ಆರು ಮಂದಿಯ ಅಂಗಾಂಶಗಳಿಂದ ಪೂರ್ತಿ ತಿಳಿಯುವುದಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್ ಮಿದುಳು ಭಂಡಾರದಲ್ಲಿ ಸಹಿ ಹಾಕಬೇಕಾದ ಒಪ್ಪಿಗೆ ಪತ್ರಗಳಿವೆ. ಎಷ್ಟೋ ಸಲ ಅವುಗಳ ಮೇಲೆ ಸಹಿ ಬೀಳುವುದು, ಸಾವಿನ ಸುದ್ದಿ ಕೇಳಿ ಇನ್ನೂ ಒಂದು ಗಂಟೆಯಾಗದ ಮನೆಯವರ ಕೈಯಿಂದ.